ಟವೆಲಿನ ಕೆಳಗೆ ಪ್ರಾಗ್

ಹುಮನಾಬಾದ್ ಬಸ್‌ಸ್ಟ್ಯಾಂಡು

ಗೊಂಬೆ ಆಡಿಸುವುದನ್ನು ಕಲಿಯಲು ವಿಮಾನ ಹತ್ತುವವಳನ್ನು ಹುಮನಾಬಾದ್ ಹೇಗೆ ಬೀಳ್ಕೊಡಬೇಕೋ ಹಾಗೆಯೇ ಬೀಳ್ಕೊಟ್ಟಿತು. ಸೊಲ್ಲಾಪುರದ ಬಸ್ಸಿನ ಕಿಟಕಿಯ ಹೊರಗೆ ಅವ್ವ ಖಡಕ್ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ನನ್ನ ಸೋದರಮಾವ ಶಿವರಾಜಪ್ಪ. ಗಂಜಿನಲ್ಲಿ, ಎಂದರೆ ನಮ್ಮೂರಿನ ದವಸದ ಬಜಾರಿನಲ್ಲಿ, ತೊಗರಿ-ಕಡಲೆಯ ದಲಾಲಿ ಅವರದು. ಹೆಗಲ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದವರಿಗೂ ಕೇಳದವರಿಗೂ ನನ್ನ ಪ್ರಯಾಣದ ವಿವರ ಕೊಡುತ್ತಿದ್ದರು.

"ಡಾಕ್ಟರ್ಕಿ ಕಲಿಯಾಕ ಹೊಂಟಾಳೇನ್ರಿ?" ನನ್ನ ಪಕ್ಕದ ಸೀಟಿನಲ್ಲಿದ್ದ ಮಾಣಿಕನಗರದ ಹೆಂಗಸು ಕಿಟಕಿಯಿಂದಲೇ ಕೇಳಿದಳು.

"ಅಲ್ರಿ, ಗೊಂಬಿ ಕುಣಸಾಕ," ಎಂದರು ಮಾಮಾ. "ನಮ್ಮ ವಕೀಲಬಾಯಿ ಬಾಯಿಗಿ ಈ ಮುಲಕದಾಗ ಯಾರೂ ಎದುರ ನಿಂದ್ರವಲ್ರು. ಅದಕ್ಕ ಬಾಯಿಲ್ದವ್ರ ಕೂಡ ವಾದ ಮಾಡಾಕ ಕಳಸಾಕತ್ತೇವಿ."

ವಕೀಲಬಾಯಿ ಎಂದರೆ ನಾನೇ. ಕಾನೂನು ಓದಿದವಳಲ್ಲ. ಬಸವಕಲ್ಯಾಣದಲ್ಲಿ ಅಕ್ಕನ ಮನೆಯಲ್ಲಿದ್ದು ಕಾಲೇಜು ಓದುವಾಗ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿತು. ಶರಣರು ಕೂತು ಎದುರುಬದುರು ಮಾತಾಡಿದ ಊರು. ಅಲ್ಲಿ ಓದಿದವಳು ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ? ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಎರಡರಲ್ಲೂ ಬಹುಮಾನದ ಕಪ್ಪು ತಂದಿದ್ದೇನೆ. ನಂಬಿಕೆ ಎಂಬ ವಸ್ತು ಕಂಡರೆ ಅದರ ಹೊಲಿಗೆ ಎಲ್ಲಿದೆ ಎಂದು ಹುಡುಕುವುದು ನನ್ನ ಚಟ.

ಟೂರಿಂಗ್ ಟಾಕೀಸಿನಲ್ಲಿ ಹೊಗೆಯೊಳಗಿಂದ ದೇವರು ಪ್ರತ್ಯಕ್ಷನಾದಾಗ ಹುಡಗಿ ಎಂಬ ಹಳ್ಳಿಯಿಂದ ಬಂದಿದ್ದ ನಮ್ಮಜ್ಜಿ ಕೈ ಮುಗಿದಳು. ನಾನು ಪಕ್ಕದಿಂದ, "ಕ್ಯಾಮೆರಾ ಬಂದ್ ಮಾಡ್ಯಾರ, ಆ ಮನಶ್ಯಾನ್ನ ತಂದ ನಿಂದ್ರಿಸ್ಯಾರ, ಮತ್ತ ಚಾಲೂ ಮಾಡ್ಯಾರ," ಎಂದೆ.

"ನಿನಗ ಗೊತ್ತದಲ್ಲ, ಸಾಕು," ಎಂದಳು ಅಜ್ಜಿ ಮುಗಿದ ಕೈ ಇಳಿಸದೆ. "ನನಗ ಜರಾ ನೋಡಾಕ ಬಿಡು."

ಹೈದರಾಬಾದಿನಲ್ಲಿ ಚಿತ್ರಕಲೆ ಮುಗಿಸಿದ ಮೇಲೆ, ಜಡವಸ್ತುವಿಗೆ ಚಲನೆ ಕೊಡುವ ಚಿತ್ರಗಳನ್ನೂ ಪರದೆಯ ಮೇಲಿನ ಕಣ್ಕಟ್ಟುಗಳನ್ನೂ ಕಲಿಸಲು ಚೆಕೊಸ್ಲೊವಾಕಿಯಾ ದೇಶದವರು ವಿದ್ಯಾರ್ಥಿವೇತನ ಕೊಡುತ್ತಾರೆಂದು ತಿಳಿದಾಗ ನಾನು ಅರ್ಜಿ ಹಾಕಿದ್ದು ಈ ಚಟದಿಂದಲೇ. ಜನರನ್ನು ನಂಬಿಸುವವರು ಎಲ್ಲಿ ಕೂತು ಮೋಸ ಮಾಡುತ್ತಾರೋ ಆ ಅಡುಗೆಮನೆಯನ್ನೇ ಒಮ್ಮೆ ನೋಡಿ ಬರೋಣ ಎಂದು.

ಪ್ರಾಗ್: ಬಾಯಿ ಕಳೆದುಕೊಂಡ ಊರು

ಪ್ರಾಗ್ ಶಹರವನ್ನು ಕಂಡವರೆಲ್ಲ ಅದರ ಗೋಪುರಗಳ ಬಗ್ಗೆ ಬರೆಯುತ್ತಾರೆ. ನಾನು ಬಸವಕಲ್ಯಾಣದ ಕೋಟೆಯ ನೆರಳಿನಲ್ಲಿ ಓದಿದವಳು, ಕಲ್ಲಿಗೆ ಬೆದರಲಿಲ್ಲ. ಬೆದರಿಸಿದ್ದು ಅಲ್ಲಿನ ಮೌನ. ಟ್ರಾಮು ತುಂಬ ಜನ, ಒಬ್ಬರಾದರೂ ಮಾತಾಡುವುದಿಲ್ಲ. ನಮ್ಮಲ್ಲಾದರೆ ಹುಮನಾಬಾದಿನಿಂದ ಕಲ್ಯಾಣ ಮುಟ್ಟುವುದರೊಳಗೆ ಪಕ್ಕದವರ ಸೊಸೆಯ ಸ್ವಭಾವದವರೆಗೆ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಲಿಫ್ಟಿನೊಳಗೆ ಬಂದವರು ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಎನ್ನುತ್ತಾರೆ, ನಡುವೆ ಕಲ್ಲಾಗಿ ನಿಲ್ಲುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಹಿಟ್ಟನ್ನು ದಪ್ಪ ಕಡುಬಿನಂತೆ ಬೇಯಿಸಿ ಚೂರಿ ಮುಟ್ಟಿಸದೆ ದಾರದಿಂದ ಕೊಯ್ಯುತ್ತಾರೆ. ದಾರ ಸುತ್ತಿ ಎಳೆದರೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತದೆ. ಹಾಸ್ಟೆಲಿನ ಅಡುಗೆಯವಳು ಹೀಗೆ ಕೊಯ್ಯುವುದನ್ನು ನೋಡುತ್ತ ನಾನು ಸಾಲು ತಪ್ಪಿಸಿ ನಿಂತು ಬೈಸಿಕೊಂಡೆ.

ಮೊದಲ ಕೆಲವು ತಿಂಗಳು ಭಾಷೆ ಕಲಿಸಿದರು. ಚೆಕ್ ಭಾಷೆಯ ಶಬ್ದಗಳಲ್ಲಿ ಸ್ವರ ಹುಡುಕುವುದೆಂದರೆ ಜೋಳದಲ್ಲಿ ಹರಳು ಆರಿಸಿದ ಹಾಗೆ. ಕೇಳಿದ್ದು ಅರ್ಥವಾಗುವ ಹಂತಕ್ಕೆ ಬಂದೆ. ಆದರೆ ತಲೆಯೊಳಗೆ ಬರುವಷ್ಟರಲ್ಲಿ ಅದು ಹುಮನಾಬಾದಿನ ಕನ್ನಡವಾಗಿಬಿಡುತ್ತಿತ್ತು. ಆದ್ದರಿಂದ ಅಲ್ಲಿಯವರ ಮಾತನ್ನು ನನಗೆ ಕೇಳಿಸಿದ ಹಾಗೆಯೇ ಬರೆಯುತ್ತೇನೆ. ತಿರುಗಿ ವಾದಿಸುವಷ್ಟು ನಾಲಿಗೆ ಮಾತ್ರ ಹೊರಳಲಿಲ್ಲ. ಎದುರಿನವರು ತಪ್ಪು ಹೇಳುತ್ತಿದ್ದಾರೆಂದು ಗೊತ್ತಿದ್ದೂ ಕ್ರಿಯಾಪದ ಸಿಗದೆ ತಲೆಯಾಡಿಸುವ ಕಷ್ಟ ಚರ್ಚಾಸ್ಪರ್ಧೆಯವರಿಗಷ್ಟೇ ಗೊತ್ತು.

ಇಂಥ ಸ್ಥಿತಿಯಲ್ಲಿ ಗೊಂಬೆಗಳ ಕೋಣೆಗೆ ಹೋದೆ. ನಮ್ಮ ಪ್ರೊಫೆಸರ್ ಹೊರಾಕ್ ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಅವರು ಮೊದಲ ದಿನವೇ ಷರತ್ತು ಹೇಳಿದರು: ಚಳಿಗಾಲ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಒಂದು ಪುಟ್ಟ ಗೊಂಬೆಚಿತ್ರ ಮಾಡಿ ತೋರಿಸಬೇಕು. ಅದರಲ್ಲಿ ಒಂದೂ ಮಾತಿರಬಾರದು. ಒಪ್ಪಿಗೆಯಾದವರು ಮುಂದುವರಿಯುತ್ತಾರೆ, ಆಗದವರು ಬೇರೆ ವಿಭಾಗ ನೋಡಿಕೊಳ್ಳುತ್ತಾರೆ. ನನಗೆ ಬೇರೆ ವಿಭಾಗವಿರಲಿಲ್ಲ. ನನ್ನ ವಿದ್ಯಾರ್ಥಿವೇತನ ಇದೊಂದಕ್ಕೇ. ತಪ್ಪಿದರೆ ಬೊಂಬಾಯಿ, ಅಲ್ಲಿಂದ ಸೊಲ್ಲಾಪುರ, ಮತ್ತೆ ಅದೇ ಬಸ್‌ಸ್ಟ್ಯಾಂಡು.

ಅಭ್ಯಾಸಕ್ಕೆಂದು ಒಬ್ಬ ಮರದ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಲು ಹೇಳಿದರು. ಸ್ವಲ್ಪ ಸರಿಸು, ಒಂದು ಚಿತ್ರ ತೆಗೆ. ಮತ್ತೆ ಸ್ವಲ್ಪ ಸರಿಸು, ಇನ್ನೊಂದು. ಹೀಗೆ ಇಪ್ಪತ್ನಾಲ್ಕು ಚಿತ್ರ ಕೂಡಿದರೆ ಪರದೆಯ ಮೇಲೆ ಒಂದು ಸೆಕೆಂಡು. ನಾನು ನ್ಯಾಯಬದ್ಧಳು. ಅಳತೆಪಟ್ಟಿ ಇಟ್ಟು ಪ್ರತಿ ಸಲವೂ ಒಂದೇ ಸಮ ಸರಿಸಿದೆ. ಪರದೆಯ ಮೇಲೆ ಅವನು ಬಾವಿಯಿಂದ ಬಿಂದಿಗೆ ಬಂದ ಹಾಗೆ ಮೇಲೆ ಬಂದ.

"ಇಂವಾ ಎದ್ದಿಲ್ಲವ್ವಾ," ಎಂದರು ಹೊರಾಕ್. "ಇವನ್ನ ಯಾರೋ ಎತ್ಯಾರ."

ನನಗೆ ರೇಗಿತು. ಮುರುಕು ಚೆಕ್‌ನಲ್ಲೇ ವಾದಕ್ಕಿಳಿದೆ. "ಮುಖ ಅಲಗಾಡಂಗಿಲ್ಲ, ಕಣ್ಣ ಮುಚ್ಚಂಗಿಲ್ಲ, ಬಾಯಿ ತೆಗಿಯಂಗಿಲ್ಲ. ಕಟಗಿ ಅದು ಸರ್. ಮನಸ್ಸಿನ್ಯಾಗ ಏನದ ಅಂತ ಹ್ಯಾಂಗ ಹೇಳ್ತದ?"

ಅವರು ಮರದ ಮನುಷ್ಯನನ್ನು ಕೈಗೆತ್ತಿಕೊಂಡು ಮೇಜಿನ ದೀಪದ ಕೆಳಗೆ ಹಿಡಿದರು. ತಲೆಯನ್ನು ಕೂದಲೆಳೆಯಷ್ಟು ತಗ್ಗಿಸಿದರು. ಹುಬ್ಬಿನ ನೆರಳು ಕೆನ್ನೆಯ ಮೇಲೆ ಇಳಿಯಿತು, ಅವನು ಯಾರನ್ನೋ ಮಣ್ಣು ಮಾಡಿ ಬಂದವನಂತಾದ. ತಲೆಯನ್ನು ಅಷ್ಟೇ ಮೇಲೆತ್ತಿದರು. ತುಟಿಯ ಕೊನೆಗೆ ಬೆಳಕು ಬಿತ್ತು, ಅವನು ಆಗತಾನೇ ಒಳ್ಳೆಯ ಸುದ್ದಿ ಕೇಳಿ ಅದನ್ನು ಯಾರಿಗೆ ಹೇಳಲಿ ಎಂದು ಕಾದವನಂತಾದ.

ನಾನು ಗೊಂಬೆಯನ್ನು ಕಸಿದುಕೊಂಡು ಮುಖ ಮುಟ್ಟಿ ನೋಡಿದೆ. ಅದೇ ಮುಖ, ಅದೇ ಕೊರೆತ. ಹೊಲಿಗೆ ಎಲ್ಲಿದೆ ಎಂದು ಕಣ್ಣಾರೆ ಕಂಡಾಗಿತ್ತು, ಆದರೂ ಮೈ ಜುಂ ಎಂದದ್ದು ಇಳಿಯಲಿಲ್ಲ.

ಅದೇ ವಾರ ಪಕ್ಕದ ಕಣ್ಕಟ್ಟಿನ ಕೋಣೆಯಲ್ಲಿ ಗಾಜಿನ ತೊಟ್ಟಿಯ ನೀರಿಗೆ ಬಿಳಿ ಬಣ್ಣ ಬಿಟ್ಟು ಬಿರುಗಾಳಿಯ ಮೋಡ ಮಾಡುವುದನ್ನು ತೋರಿಸಿದರು. ಬಣ್ಣ ಇಳಿಯುತ್ತ ಹೊರಳಿ, ಉಬ್ಬಿ, ತಳ ಮುಟ್ಟದೆ ಹರಡಿಕೊಂಡಿತು. ಕ್ಯಾಮೆರಾದಲ್ಲಿ ಅದನ್ನು ತಲೆಕೆಳಗಾಗಿಸಿ ನೋಡಿದರೆ, ಮೃಗಶಿರಾ ಮಳೆಗೆ ಮುಂಚೆ ಹುಡಗಿಯ ಹೊಲಗಳ ಮೇಲೆ ಏಳುವ ಮೋಡವೇ. ಅದು ಒಂದು ಬಟ್ಟಲು ಬಣ್ಣವಷ್ಟೇ ಎಂದು ನನಗೆ ಗೊತ್ತಿತ್ತು. ಆದರೂ, ಅಂಗಳದಲ್ಲಿ ಒಣಹಾಕಿದ್ದನ್ನು ಒಳಗೆ ತರಬೇಕು ಎಂದು ಒಂದು ಕ್ಷಣ ಅನಿಸಿಬಿಟ್ಟಿತು.

ಯಾನಾಳ ಮನೆ: ಬಚ್ಚಲಲ್ಲಿ ಮೀನು

ಕ್ರಿಸ್‌ಮಸ್ಸಿಗೆ ಹಾಸ್ಟೆಲು ಖಾಲಿಯಾಯಿತು. ನನ್ನ ತರಗತಿಯ ಯಾನಾ ಎಂಬ ಹುಡುಗಿ ತನ್ನ ಮನೆಗೆ ಕರೆದೊಯ್ದಳು. ಹೊಸ್ತಿಲಲ್ಲೇ ಅವಳಮ್ಮ ನನ್ನ ಬೂಟುಗಳನ್ನು ನೋಡಿ ನಿಂತರು. ಯುರೋಪಿನವರು ಬೂಟು ಹಾಕಿಕೊಂಡೇ ಮಲಗುತ್ತಾರೆಂದು ನಮ್ಮ ಕಡೆ ಹೇಳುವುದಿದೆ. ಇವರು ನಮ್ಮ ಹಾಗೆಯೇ ಹೊರಗೆ ಬಿಡಿಸಿ, ಮೇಲಾಗಿ ಒಳಗೆ ಹಾಕಿಕೊಳ್ಳಲು ಬೇರೆ ಮೆತ್ತನೆಯ ಜೋಡು ಕೊಟ್ಟರು.

ಸ್ನಾನ ಮಾಡಬೇಕು ಎಂದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಎರಡ ದಿನ ತಡೀತೀಯೇನವ್ವಾ? ತೊಟ್ಟಿಯಾಗ ಮೀನ ಅದ," ಎಂದರು ತಾಯಿ.

ಹಬ್ಬದ ಊಟಕ್ಕೆ ಜೀವಂತ ಮೀನು ತಂದು, ಅದರ ಕೆಸರಿನ ವಾಸನೆ ಹೋಗಲೆಂದು ಕೆಲವು ದಿನ ಸ್ನಾನದ ತೊಟ್ಟಿಯಲ್ಲಿ ಬಿಡುವುದು ಅಲ್ಲಿನ ಪದ್ಧತಿ. ಬಾಗಿಲು ತೆರೆದರೆ ನಿಜಕ್ಕೂ ಇತ್ತು. ಒಂದು ಮೊಳ ಉದ್ದ, ಕಂಚಿನ ಬಣ್ಣ, ಊರ ಗೌಡನ ಗಾಂಭೀರ್ಯ. ಮೀನು ತಿನ್ನದ ಮನೆಯವಳು ಮೀನಿನ ಜೊತೆ ಸ್ನಾನ ಮಾಡಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಒಳಗೇ ವಾದ ಹೂಡಿ ಒಂದು ಬಕೆಟ್ ಕೇಳಿದೆ. ಬಿಸಿನೀರು ತುಂಬಿಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಟ್ಟಲಲ್ಲಿ ಸುರಿದುಕೊಂಡೆ. ಊರು ಬಿಟ್ಟ ಮೇಲೆ ಅಷ್ಟು ಸುಖದ ಸ್ನಾನ ಆಗಿರಲಿಲ್ಲ.

ನೀರು ಹೋಗಲು ನೆಲದಲ್ಲಿ ಮೋರಿಯೇ ಇರಲಿಲ್ಲ. ತೊಟ್ಟಿಯಲ್ಲಿ ಮೀಯುವವರ ಮನೆಯಲ್ಲಿ ನೆಲಕ್ಕೆ ಮೋರಿ ಯಾಕಿರಬೇಕು? ಇದು ನನಗೆ ಹೊಳೆದದ್ದು ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದಾಗ. ದಪ್ಪ ಮೀಸೆಯ ಯಜಮಾನ, ಕೈಯಲ್ಲಿ ಅರಿವೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳಕ್ಕೆ ಸಿದ್ಧಳಾದೆ.

"ಮೀನ ತಪ್ಪಿಸಿಕೊಂಡದೇನು?" ಎಂದು ಕೇಳಿದರು.

"ಇಲ್ರಿ, ಹಿಂದೂಸ್ತಾನದಿಂದ ಬಂದ ಮಗಳು ಜಳಕ ಮಾಡ್ಯಾಳ," ಎಂದರು ಯಾನಾಳ ತಾಯಿ.

ಅವರು ಗಂಭೀರವಾಗಿ ತಲೆಯಾಡಿಸಿ, ಮೊಣಕಾಲೂರಿ ನಮ್ಮ ಜೊತೆ ನೆಲ ಒರೆಸತೊಡಗಿದರು. ಒರೆಸುತ್ತ ಒರೆಸುತ್ತ ನನ್ನ ಕಣ್ಣು ತೊಟ್ಟಿಯ ಅಂಚಿನ ಮಟ್ಟಕ್ಕೆ ಬಂತು. ಮೀನು ಆ ಕೊನೆಗೆ ಹೋಗಿ ಎಡಕ್ಕೆ ತಿರುಗಬೇಕಿತ್ತು. ತಿರುಗುವ ಮುನ್ನ ಅದರ ತಲೆ ಎಳ್ಳಿನಷ್ಟು ಬಲಕ್ಕೆ ಹೋಯಿತು. ಅಲ್ಲೊಂದು ಗಳಿಗೆ ತಡೆಯಿತು. ಆಮೇಲೆ ಇಡೀ ಮೈ ಎಡಕ್ಕೆ ಹರಿಯಿತು. ಈ ಕೊನೆಗೆ ಬಂದಾಗಲೂ ಹಾಗೆಯೇ. ಹೋಗುವ ದಿಕ್ಕಿಗೆ ವಿರುದ್ಧವಾಗಿ ಒಂದು ಚೂರು, ಆಮೇಲೆ ಹೋಗುವುದು.

ನಾನು ಒದ್ದೆ ಅರಿವೆ ಹಿಡಿದು ಹಾಗೇ ಕೂತುಬಿಟ್ಟೆ. ಯಾನಾ ಭುಜ ಅಲುಗಿಸಿ, "ಯಾಕ, ಏನಾತು?" ಎಂದಳು. ನನಗೆ ಕಾಣುತ್ತಿದ್ದದ್ದು ಮೀನಲ್ಲ, ನಮ್ಮ ಮಾಮಾ.

ಗಂಜಿನಲ್ಲಿ ಹರಾಜಿನ ಸವಾಲು ಕೂಗುವುದು ಊರಿಗೆಲ್ಲ ಕೇಳಿಸುವ ವ್ಯಾಪಾರ. ನಿಜವಾದ ದರ ಟವೆಲಿನ ಕೆಳಗೆ ಕುದುರುತ್ತದೆ. ಕೊಳ್ಳುವವನೂ ದಲಾಲನೂ ಕೈ ಕೈ ಹಿಡಿಯುತ್ತಾರೆ, ಮೇಲೆ ಟವೆಲು ಮುಚ್ಚುತ್ತಾರೆ, ಬೆರಳುಗಳೇ ಮಾತಾಡುತ್ತವೆ. ಈ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಮನಸ್ಸು ಓದಿದ ಹಾಗೆ. ಆದ್ದರಿಂದ ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ಕಾಳಿನ ರಾಶಿ ನೋಡುತ್ತಾನೆ. ಇಬ್ಬರ ಮುಖವೂ ಕಟ್ಟಿಗೆ. ಆದರೆ ಮಾಮಾ ದರಕ್ಕೆ ಒಪ್ಪುವ ಮುನ್ನ ಅವರ ಎಡಭುಜ ಎಳ್ಳಿನಷ್ಟು ಹಿಂದಕ್ಕೆ ಹೋಗುತ್ತಿತ್ತು. ಬಾಲ್ಯದಲ್ಲಿ ತೊಗರಿ ಚೀಲಗಳ ಮೇಲೆ ಕೂತು ನಾನು ಅದನ್ನು ನೂರು ಸಲ ಕಂಡಿದ್ದೆ, ಕಂಡದ್ದೆಂದು ಗೊತ್ತಿರಲಿಲ್ಲ ಅಷ್ಟೆ.

ಟವೆಲಿನೊಳಗೆ ಏನು ನಡೆಯುತ್ತದೆಂದು ಮಾತ್ರ ನನಗೆ ಇಂದಿಗೂ ತಿಳಿಯದು. ಒಮ್ಮೆ ಕೇಳಿದ್ದೆ. "ಅದು ಹೆಣ್ಮಕ್ಕಳ ಕೈಗಿ ಅಲ್ಲವ್ವಾ," ಎಂದಿದ್ದರು ಮಾಮಾ. ಸ್ತ್ರೀಸಮಾನತೆಯ ಪರ ಮಾತಾಡಿ ಕಪ್ಪು ಗೆದ್ದು ತಂದ ದಿನವೂ ಉತ್ತರ ಅದೇ ಇತ್ತು.

ಗೊಂಬೆಗಳ ಕೋಣೆ: ಪರೀಕ್ಷೆಯ ದಿನ

ಹಬ್ಬ ಮುಗಿಸಿ ಬಂದು ಇಬ್ಬರು ಮರದ ಮನುಷ್ಯರನ್ನು ಕೂರಿಸಿದೆ. ಇಬ್ಬರ ತಲೆಗೂ ಪಟಗಾ ಸುತ್ತಿ, ಕೂಡಿಸಿದ ಕೈಗಳ ಮೇಲೆ ಪುಟ್ಟ ಟವೆಲು ಹೊದಿಸಿದೆ. ಅಳತೆಪಟ್ಟಿಯನ್ನು ಯಾನಾಳ ಕೈಗೆ ಕೊಟ್ಟುಬಿಟ್ಟೆ. ಬಟ್ಟೆ ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಟವೆಲಿನ ಅಂಚಿನೊಳಗೆ ಮೆತ್ತನೆಯ ತಂತಿ ಇಟ್ಟು ಅವಳು ಹೊಲಿದುಕೊಟ್ಟಳು. ಪ್ರತಿ ಚಿತ್ರಕ್ಕೂ ಆ ಮಡಿಕೆಗಳನ್ನು ಬೆರಳಿನಿಂದ ಏರಿಸಿ ಇಳಿಸಬೇಕು. ಚಿಗುರು ಚಿವುಟಿದ ಹಾಗೆ ಮುಟ್ಟಬೇಕು. ಸ್ವಲ್ಪ ಹೆಚ್ಚಾದರೆ ಟವೆಲಿನೊಳಗೆ ಹೆಗ್ಗಣ ಹೊಕ್ಕಂತೆ ಕಾಣುತ್ತಿತ್ತು. ಅಂಥ ಹೆಗ್ಗಣಗಳನ್ನು ಎಷ್ಟೋ ಬಾರಿ ಹೊರಹಾಕಿದೆ.

ಪರೀಕ್ಷೆಗೆ ಮೂವರು ಕೂತಿದ್ದರು, ನಡುವೆ ಹೊರಾಕ್. ಪ್ರೊಜೆಕ್ಟರ್ ಗಿರಗಿರ ಎಂದಿತು. ಇಬ್ಬರು ಕೂತಿದ್ದಾರೆ, ಮೇಲೊಂದು ಟವೆಲು. ಒಬ್ಬ ಮೇಲೆ ನೋಡುತ್ತಾನೆ, ಒಬ್ಬ ಪಕ್ಕಕ್ಕೆ. ಟವೆಲು ಉಬ್ಬುತ್ತದೆ, ಕುಗ್ಗುತ್ತದೆ, ತಡೆಯುತ್ತದೆ. ಭುಜ ಎಳ್ಳಿನಷ್ಟು ಹಿಂದೆ ಹೋಗುತ್ತದೆ. ಟವೆಲು ಸಡಿಲುತ್ತದೆ. ಮುಗಿಯಿತು.

ದೀಪ ಹಾಕಿದರು. ಆಮೇಲೆ ಹೊರಾಕ್ ಗಂಟಲು ಸರಿಪಡಿಸಿಕೊಂಡರು.

"ಕೈಕೆಲಸ ಚೊಲೋ ಅದ. ಆದ್ರ ಇಬ್ರ ನಡುವೆ ಸಂಬಂಧನೇ ಇಲ್ಲಲ್ಲ. ಒಬ್ಬನ ಮುಖ ಅತ್ತಾಗ, ಒಬ್ಬಂದು ಇತ್ತಾಗ. ಒಬ್ಬರನ್ನೊಬ್ರು ನೋಡಲಿಲ್ಲಂದ್ರ ಅವ್ರು ಯಾರಿಗಿ ಯಾರು? ಮೊದಲನೇ ಪಾಠನೇ ಅದಲ್ಲೇನು?"

ಪಕ್ಕದ ಇಬ್ಬರೂ ತಲೆಯಾಡಿಸಿದರು. ಒಬ್ಬರು ಪೆನ್ನಿನ ಮುಚ್ಚಳ ತೆಗೆದರು.

ನಾನು ಎದ್ದು ನಿಂತೆ. ನನ್ನ ಹತ್ತಿರ ಮೂರು ವಾದಗಳಿದ್ದವು. ಚೆಕ್ ಭಾಷೆಯಲ್ಲೇ, ವ್ಯಾಕರಣ ತಿದ್ದಿಸಿಕೊಂಡು, ಬಾಯಿಪಾಠ ಮಾಡಿ ಬಂದಿದ್ದೆ. ಮೊದಲ ಶಬ್ದ ತುಟಿಯವರೆಗೆ ಬಂದಾಗ ಮೇಜಿನ ಮೇಲಿನ ನನ್ನ ಇಬ್ಬರು ಮನುಷ್ಯರು ಕಣ್ಣಿಗೆ ಬಿದ್ದರು. ಅವರು ಈಗಲೂ ಒಬ್ಬ ಆಕಾಶ, ಒಬ್ಬ ರಾಶಿ ನೋಡುತ್ತ ಕೂತಿದ್ದರು. ಇವರ ಪರವಾಗಿ ನಾನು ಬಾಯಿ ತೆಗೆದರೆ ಇವರು ಸೋತಂತೆಯೇ ಅಲ್ಲವೇ ಎಂದುಕೊಂಡೆ.

ಕುರ್ಚಿ ಎಳೆದುಕೊಂಡು ಹೊರಾಕ್ ಎದುರು ಕೂತೆ. ಅವ್ವ ಕೊಟ್ಟಿದ್ದ ಶಾಲು ಹೆಗಲಿಂದ ತೆಗೆದೆ. "ಕೈ ಕೊಡ್ರಿ," ಎಂದೆ. ಅವರು ಏನು ಎಂಬಂತೆ ಕೈ ಚಾಚಿದರು. ಹಿಡಿದು ಮೇಲೆ ಶಾಲು ಮುಚ್ಚಿ, ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದೆ. ಹಿಮ ಬೀಳುತ್ತಿತ್ತು. ಒಂದು ಟ್ರಾಮು ತಿರುವು ತೆಗೆದುಕೊಳ್ಳುತ್ತಿತ್ತು. ನಾನು ಅವರ ಎರಡು ಬೆರಳು ಒತ್ತಿದೆ.

ಅವರು ನನ್ನ ಮುಖ ನೋಡುತ್ತಿರುವುದು ಕೆನ್ನೆಗೆ ಗೊತ್ತಾಗುತ್ತಿತ್ತು. ನಾನು ತಿರುಗಲಿಲ್ಲ. ಮತ್ತೆ ಒತ್ತಿದೆ. ಅವರು ನನ್ನ ಒಂದು ಬೆರಳನ್ನು ಹಿಡಿದು ಬಿಟ್ಟರು. ನಾನು ಬೇಡವೆಂಬಂತೆ ಕೈ ಸಡಿಲಿಸಿದೆ. ಅವರು ಬಿಡಲಿಲ್ಲ, ಮೂರು ಬೆರಳು ಹಿಡಿದರು. ಕಿಟಕಿಯ ಗಾಜಿನಲ್ಲಿ ನೆರಳು ಕಂಡಿತು: ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು, ಅದರಲ್ಲಿ ಏನೋ ಮಹತ್ವದ್ದು ಬರೆದಿದೆ ಎಂಬ ಹಾಗೆ. ಆಗ ಅವರ ಭುಜ ಎಳ್ಳಿನಷ್ಟು ಹಿಂದಕ್ಕೆ ಹೋಯಿತು.

ಇದನ್ನು ನಾನು ಅವರಿಗೆ ಕಲಿಸಿರಲಿಲ್ಲ. ಅವರು ಗಂಜು ಕಂಡವರಲ್ಲ, ತೊಗರಿ ತಿಂದವರಲ್ಲ. ಹೊರಗೆ ಹಿಮ, ಒಳಗೆ ಒಂದು ಶಾಲು, ಅದರ ಕೆಳಗೆ ಹುಮನಾಬಾದು.

"ಈಗ ನಾ ಏನ ತಗೊಂಡೆ? ಎಷ್ಟಕ್ಕ?" ಎಂದು ಕೇಳಿದರು ಕೈ ಬಿಟ್ಟ ಮೇಲೆ.

"ನನಗೂ ಗೊತ್ತಿಲ್ರಿ. ನಮ್ಮಲ್ಲಿ ಹೆಣ್ಮಕ್ಕಳ ಕೈ ಇದರ ಒಳಗ ಹೋಗಂಗಿಲ್ಲ. ನಾನೂ ಇವತ್ತೇ ಹಾಕಿದ್ದು."

ಅವರು ನನ್ನನ್ನೂ ಶಾಲನ್ನೂ ನೋಡಿದರು. ಆಮೇಲೆ ಪ್ರೊಜೆಕ್ಟರಿನವರ ಕಡೆ ತಿರುಗಿ, "ಮತ್ತೊಮ್ಮಿ ಹಚ್ರಿ," ಎಂದರು.

ಎರಡನೇ ಸಲ ಪರದೆಯ ಮೇಲೆ ಅದೇ ಚಿತ್ರ ಓಡಿತು. ಅದರ ಒಂದೊಂದು ಮಡಿಕೆಯನ್ನೂ ಈ ಬೆರಳುಗಳೇ ಸರಿಸಿದ್ದವು. ತಂತಿ ಎಲ್ಲಿದೆ, ಹೊಲಿಗೆ ಎಲ್ಲಿದೆ, ಯಾವ ಚಿತ್ರದಲ್ಲಿ ಕೈ ನಡುಗಿತ್ತು, ಎಲ್ಲ ಗೊತ್ತು. ಆದರೂ ಭುಜ ಹಿಂದೆ ಹೋಗುವ ಗಳಿಗೆಗೆ ನಾನು ಉಸಿರು ಹಿಡಿದಿದ್ದೆ, ಒಪ್ಪುತ್ತಾನೋ ಇಲ್ಲವೋ ಎಂದು. ಮುಂದಿನ ಸಾಲಿನಲ್ಲಿ ಮೂರು ಬೆನ್ನುಗಳು ಒಟ್ಟಿಗೆ ಮುಂದೆ ಬಾಗಿದವು. ಹುಡಗಿಯ ಅಜ್ಜಿಯ ಮುಗಿದ ಕೈ ನೆನಪಾಯಿತು. ಅಜ್ಜಿಗೆ ಆ ಹೊಗೆಯ ಕಣ್ಕಟ್ಟು ಕಾಣಿಸಿರಲಿಲ್ಲವೆಂದು ನಾನು ಅಂದುಕೊಂಡಿದ್ದೆ. ಕಂಡಿತ್ತೇನೋ.

ಪೆನ್ನಿನ ಮುಚ್ಚಳ ತೆಗೆದವರು ಏನೋ ಬರೆದು ಹೊರಾಕ್ ಕಡೆ ಸರಿಸಿದರು. ಅವರು ಓದಿ, ತಲೆಯೆತ್ತದೆ, "ಬೇಸಿಗಿ ರಜಾಕ್ಕ ಊರಿಗಿ ಹೋಗಿ ಬಾ," ಎಂದರು. ಹೋಗಿ "ಬಾ" ಎಂದರೆ ಒಪ್ಪಿಗೆಯಾಯಿತು, ವಾಪಸ್ ಬರಬೇಕು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮತ್ತೆ ಗಂಜು

ಬೇಸಿಗೆಯ ಹುಮನಾಬಾದಿನಲ್ಲಿ ಇಳಿದಾಗ ಕಾದ ಡಾಂಬರಿನ ವಾಸನೆ ಬಂತು. ಗಂಜಿನಲ್ಲಿ ಮಾಮಾ ತಮ್ಮ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಮುಂದೆ ತೊಗರಿಯ ರಾಶಿ. ಚಹಾ ಬಂತು. ನಡೆದದ್ದನ್ನೆಲ್ಲ ಹೇಳಿದೆ; ಮೀನಿನ ವಿಷಯಕ್ಕೆ ಅವರು ಬಟ್ಟಲು ಕೆಳಗಿಟ್ಟು ನಕ್ಕರು.

"ಅಂದ್ರ ಬಾಯಿಲ್ದವ್ರ ಕೂಡ ವಾದ ಗೆದ್ದೆ ಅನ್ನು."

"ಗೆದ್ದವ್ರು ಅವ್ರು, ಮಾಮಾ. ನಾ ಬಾಯಿ ತೆಗಿಲಿಲ್ಲ."

"ಅದು ಖರೇ ದೊಡ್ಡ ಸುದ್ದಿ ನೋಡು. ಪೇಪರನ್ಯಾಗ ಹಾಕಸಬೇಕು." ಆಮೇಲೆ ದನಿ ತಗ್ಗಿಸಿದರು. "ಏನಂದಿ, ಟವೆಲ್ ತಳಗ ಕೈ ಹಾಕಿದ್ಯಾ?"

"ಶಾಲು ಇತ್ತು. ಟವೆಲ್ ಅಲ್ಲ."

"ವಕೀಲಬಾಯಿ ಅಂತ ಸುಮ್ಮ ಅಂತೀನೇನು ನಾ," ಎಂದರು.

ಬೈಯುತ್ತಾರೋ ಏನೋ ಎಂದು ನಾನು ಮೂರು ವಾದ ಜೋಡಿಸಿಕೊಳ್ಳುತ್ತಿದ್ದೆ. ಮಾಮಾ ಚಹಾ ಮುಗಿಸಿದರು. ಹೆಗಲ ಟವೆಲು ತೆಗೆದು ಒಮ್ಮೆ ಝಾಡಿಸಿದರು. ಅದನ್ನು ತಮ್ಮ ಬಲಗೈಯ ಮೇಲೆ ಹರಡಿಕೊಂಡು, ಕೈಯನ್ನು ಗಾದಿಯ ಮೇಲೆ ನನ್ನ ಕಡೆಗೆ ಚಾಚಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ಎದುರಿನ ಅಂಗಡಿಯವರು ಸೂಜಿ ಹಿಡಿದು ಚೀಲ ಹೊಲಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಮಾಮಾ ಮಾತ್ರ ಆ ಅಂಗಡಿಯವರ ತಲೆಯ ಮೇಲಿನ ಆಕಾಶವನ್ನು ನೋಡುತ್ತಿದ್ದರು, ಮೋಡವಿಲ್ಲದ ಆಕಾಶ.

ನಾನು ಟವೆಲಿನ ಕೆಳಗೆ ಕೈ ಇಟ್ಟೆ. ಅವರ ಮುಖ ನೋಡಬೇಕೆಂದು ಬಹಳ ಅನಿಸಿತು. ನೋಡಲಿಲ್ಲ. ತೊಗರಿಯ ರಾಶಿಯ ಕಡೆ ತಿರುಗಿ, ಮೊದಲ ಬೆರಳಿಗಾಗಿ ಕಾದೆ.